ತಟ್ಟೆಯ ಅಂಚಿನ ಗೊರಟೆಗಳು

ಗೊರಟೆ ತೆಗೆದ ಚೆರ್ರಿಯಲ್ಲಿ ಕ್ಲಾಫೂಟಿ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪ್ಯಾರಿಸ್ಸಿನವರು ಮಾಡುತ್ತಾರೆ, ಟೀವಿಯಲ್ಲಿ ಬಿಳಿ ಟೊಪ್ಪಿ ಹಾಕಿಕೊಂಡವರು ಮಾಡುತ್ತಾರೆ, ಮಾಡಿಕೊಳ್ಳಲಿ. ನಮ್ಮ ಲಿಮೂಸಿನ್ ಸೀಮೆಯಲ್ಲಿ ಹಾಲು-ಮೊಟ್ಟೆಯ ಸಿಹಿ ಹಿಟ್ಟಿನಲ್ಲಿ ಕಪ್ಪು ಚೆರ್ರಿ ಇಡಿಯಾಗಿ ಬೇಯಬೇಕು. ಗೊರಟೆ ಒಳಗಿದ್ದರೆ ತಾನೇ ರಸ ಹಣ್ಣಿನಲ್ಲೇ ನಿಲ್ಲುವುದು, ಹಿಟ್ಟಿಗೆ ಬಾದಾಮಿಯಂಥ ಘಮ ಹತ್ತುವುದು? ತಿನ್ನುವವರು ನಾಲಿಗೆಯಲ್ಲಿ ಹಣ್ಣು ಬಿಡಿಸಿಕೊಂಡು ಗೊರಟೆಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡಬೇಕು. ಅಷ್ಟೂ ಆಗದವರು ಮೂಲೆಯಲ್ಲಿ ಕೂತು ಜಾಮು ನೆಕ್ಕಿಕೊಂಡಿರಲಿ ಎಂದು ನಾನು ಊರೆಲ್ಲ ಕೇಳುವ ಹಾಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನನ್ನ ಹೆಸರು ಫಿರ್ಮೀನ್. ಪೇಟೆಯ ಕಾರ್ಖಾನೆಯಲ್ಲಿ ಕಣ್ಣು ಮಂಜಾಗುವವರೆಗೆ ಚರ್ಮದ ಕೈಗವಸು ಹೊಲಿದೆ. ಮದುವೆ ಆಗಲಿಲ್ಲ. ಈಗ ಚರ್ಚಿನ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದೇನೆ. ನನ್ನ ತಮ್ಮ ಆನ್ಸೆಲ್ಮ್ ದಿಣ್ಣೆಯ ಮೇಲೆ, ನಾವಿಬ್ಬರೂ ಹುಟ್ಟಿದ ಮನೆಯಲ್ಲಿ, ಒಂದಿಷ್ಟು ಕೆಂಪು ದನ ಕಟ್ಟಿಕೊಂಡು ಇದ್ದಾನೆ. ಅವನಿಗೂ ಮದುವೆ ಕೂಡಿಬರಲಿಲ್ಲ. ಭಾನುವಾರ ಮಧ್ಯಾಹ್ನ ಅವನು ತನ್ನ ನಾಯಿ ಫಿಲೂವನ್ನು ಕರೆದುಕೊಂಡು ಇಳಿದು ಬರುತ್ತಿದ್ದ. ಉಣ್ಣುತ್ತಿದ್ದೆವು, ಜಗಳವಾಡುತ್ತಿದ್ದೆವು, ಆಮೇಲೆ ಅವನು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ನಮ್ಮ ಸಂಸಾರ ಅಂದರೆ ಅಷ್ಟೇ, ಆದರೆ ನನಗೆ ಅದು ಸಾಕಾಗಿತ್ತು.

ಹೋದ ವರ್ಷ ಜೂನಿನಲ್ಲಿ, ಸಂತ ಯೊವಾನ್ನನ ಹಬ್ಬದ ಊಟದಲ್ಲಿ ಅದು ಮುರಿದುಬಿತ್ತು.

ಆ ದಿನ ಗಿಲೇನಳನ್ನೂ ಊಟಕ್ಕೆ ಕರೆದಿದ್ದೆ. ವಾರಕ್ಕೆರಡು ಸಲ ವ್ಯಾನಿನಲ್ಲಿ ಬ್ರೆಡ್ಡು ತಂದು ಮಾರುವ ಹೆಂಗಸು ಅವಳು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನ್ನಷ್ಟೇ ಜೋರು. ಕ್ಲಾಫೂಟಿ ಚೆನ್ನಾಗಿ ಬಂದಿತ್ತು. ದೊಡ್ಡ ತುಂಡನ್ನೇ ಆನ್ಸೆಲ್ಮನ ತಟ್ಟೆಗೆ ಹಾಕಿದೆ. ತಿಂದಾದ ಮೇಲೆ ಯಾರು ಎಷ್ಟು ತಿಂದರೆಂದು ಅಂಚಿನ ಗೊರಟೆ ನೋಡಿ ಹಂಗಿಸುವುದು ನಮ್ಮಲ್ಲಿ ರೂಢಿ. ಚಿಕ್ಕವನಿದ್ದಾಗ ಇವನು ಅಮ್ಮ ಅತ್ತ ತಿರುಗಿದ ಕೂಡಲೇ ತನ್ನ ಗೊರಟೆಗಳನ್ನು ನನ್ನ ತಟ್ಟೆಗೆ ತಳ್ಳಿ, ನಾನೇ ಹೊಟ್ಟೆಬಾಕಿ ಎಂದು ಎಲ್ಲರೂ ನಗುವಂತೆ ಮಾಡುತ್ತಿದ್ದ. ಹಾಗಾಗಿ ಅಭ್ಯಾಸಬಲದಿಂದ ಅವನ ತಟ್ಟೆಯತ್ತ ನೋಡಿದೆ. ತುಂಡು ಖಾಲಿಯಾಗಿತ್ತು. ಅಂಚಿನಲ್ಲಿ ಒಂದೇ ಒಂದು ಗೊರಟೆ ಇರಲಿಲ್ಲ. ನನ್ನ ತಟ್ಟೆಯಲ್ಲೂ ನನ್ನವು ಮಾತ್ರ ಇದ್ದವು.

"ಲೋ, ಗೊರಟೆ ಎಲ್ಲೋ?"

"ಚೆನ್ನಾಗಿತ್ತಕ್ಕ."

"ಚೆನ್ನಾಗಿತ್ತಾ ಅಂತ ಕೇಳ್ಲಿಲ್ಲ. ಗೊರಟೆ ಎಲ್ಲಿ ಅಂದೆ."

ಅವನು ಸೇಬಿನ ಸೈಡರಿನ ಲೋಟಕ್ಕೆ ಬಾಯಿ ಹಚ್ಚಿದ. ಕಿವಿ ಕೆಂಪಗಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಬೇಡದಿದ್ರೆ ಬೇಡ ಅನ್ನಬೇಕು. ಬೆಳಗ್ಗೆಯಿಂದ ಓವನ್ ಮುಂದೆ ಬೆಂದು ಮಾಡಿದ್ದನ್ನ ಮೇಜಿನ ಕೆಳಗೆ ನಾಯಿಗೆ ಹಾಕ್ತೀಯಾ? ಅಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು. ಮನೆಗೆ ಬಂದೋರ ಮುಂದೆ ನನ್ನ ಮರ್ಯಾದೆ ತೆಗೀತೀಯಾ?"

ಅವನು ಎದ್ದ, ಟೊಪ್ಪಿ ತಲೆಗೆ ಹಾಕಿಕೊಂಡ, ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರಾಚೆಯ ಭಾನುವಾರವೂ ಇಲ್ಲ.

ತಪ್ಪು ಮಾಡಿದವನು ಅವನು, ಅವನೇ ಬರಲಿ ಎಂದು ಕೂತೆ. ಬೇಸಿಗೆ ಮುಗಿಯುವವರೆಗೂ ಭಾನುವಾರ ಎರಡು ತಟ್ಟೆ ಇಡುತ್ತಿದ್ದೆ, ಆಮೇಲೆ ಒಂದೇ ಇಟ್ಟೆ. ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಸೋಮವಾರ ಸೂಪು ಕುದಿಸಿದರೆ ಗುರುವಾರದವರೆಗೂ ಅದೇ. ಚಳಿಗಾಲದಲ್ಲಿ ಕೆಲವು ದಿನ, ಸಂಜೆ ಬಾಯಿ ತೆರೆದಾಗ ಬೆಳಗ್ಗೆಯಿಂದ ನನ್ನ ದನಿಯನ್ನೇ ಕೇಳಿಲ್ಲ ಎಂದು ಹೊಳೆಯುತ್ತಿತ್ತು. ಆಗ ರೇಡಿಯೋದಲ್ಲಿ ಹವಾಮಾನ ಹೇಳುವವನಿಗೆ ಬಯ್ಯುತ್ತಿದ್ದೆ. ಚರ್ಚಿನಲ್ಲಿ ಆನ್ಸೆಲ್ಮ್ ಹಿಂದಿನ ಬೆಂಚಿನಲ್ಲಿ ಕೂತು, ಪೂಜೆ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ. ತಿರುಗದೆಯೇ ಅವನ ಕೆಮ್ಮು ಗೊತ್ತಾಗುತ್ತಿತ್ತು. ಈ ಪ್ರಪಂಚದಲ್ಲಿ ನನ್ನವನು ಅಂತ ಇರುವುದು ಅವನೊಬ್ಬ, ಅವನೂ ಕೈಬಿಟ್ಟುಹೋದ ಎಂದು ಎಷ್ಟೋ ಸಲ ಅತ್ತಿದ್ದೇನೆ.

ಈ ವರ್ಷ ಜೂನ್ ಬಂತು. ಒಂದು ಮಂಗಳವಾರ ಬೆಳಗ್ಗೆ ಬಾಗಿಲು ತೆಗೆದರೆ ಗೇಟಿಗೆ ಬುಟ್ಟಿ ನೇತಾಡುತ್ತಿತ್ತು. ಮೇಲೆ ಜರೀಗಿಡದ ಎಲೆ ಮುಚ್ಚಿತ್ತು, ಕೆಳಗೆ ಕಪ್ಪು ಚೆರ್ರಿ. ಅಮ್ಮ ನೆಟ್ಟ ಮರ ದಿಣ್ಣೆಯ ಮೇಲಿದೆ. ಪ್ರತಿ ವರ್ಷ ಮೊದಲ ಕೊಯ್ಲು ನನಗೆ ಬರಬೇಕು, ಬಂದಿದೆ. ತಂದವನು ಬಾಗಿಲು ಮಾತ್ರ ತಟ್ಟಿರಲಿಲ್ಲ. ಹಣ್ಣು ಕಳಿಸುವವನಿಗೆ ಮುಖ ತೋರಿಸಲು ಏನು ರೋಗ ಎಂದು ಬುಟ್ಟಿಯನ್ನು ಒಳಗೆ ತಂದು ಮೇಜಿನ ಮೇಲೆ ಕುಕ್ಕಿದೆ.

ಅಷ್ಟರಲ್ಲಿ ಓಣಿಯಲ್ಲಿ ಗಿಲೇನಳ ವ್ಯಾನಿನ ಹಾರನ್ ಕೇಳಿಸಿತು. ಚೀಲ ಹಿಡಿದು ಹೋದೆ.

"ಏನ್ ಫಿರ್ಮೀನಕ್ಕ, ಬುಟ್ಟಿ ಬಂತಂತೆ?"

"ಬಂತು. ಬುಟ್ಟಿಗೆ ಕಾಲಿದೆ, ಅವನಿಗಿಲ್ಲ."

"ನೀವೇ ಒಂದ್ಸಲ ದಿಣ್ಣೆ ಹತ್ತಿದ್ರೆ ಏನ್ ಗಂಟು ಹೋಗುತ್ತೆ?"

"ನಾನ್ಯಾಕೆ ಹತ್ತಲಿ? ನಾಯಿಗೆ ಹಾಕಿದೋನು ಅವನು."

ಗಿಲೇನ್ ನನ್ನ ಬ್ರೆಡ್ಡು ಎತ್ತಿಕೊಟ್ಟಳು. ದಪ್ಪ ತೊಗಟೆಯ ದುಂಡು ಬ್ರೆಡ್ಡು, ಚಾಕು ಹಾಕಿದರೆ ಕರಕರ ಅನ್ನಬೇಕು, ನಾನು ತಿನ್ನುವುದು ಅದೇ. ಅವಳ ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಮೆತ್ತನೆ ಸ್ಲೈಸ್ ಬ್ರೆಡ್ಡಿನ ಪ್ಯಾಕೆಟ್ಟೊಂದು ಬೇರೆಯಾಗಿ ಎತ್ತಿಟ್ಟಿತ್ತು.

"ಆ ಹತ್ತಿಮೂಟೆ ಯಾರಿಗೆ?"

"ನಿಮ್ಮ ತಮ್ಮನಿಗೆ."

"ಯಾರಿಗೆ? ಅದು ಆಸ್ಪತ್ರೇಲಿ ಮಲಗಿರೋರು ತಿನ್ನೋದು ಅಂತಿದ್ನಲ್ಲ ಅವನು."

"ಅಂತಿದ್ರು. ಹೋದ ವರ್ಷ ಈಸ್ಟರ್ ಆದಾಗಿಂದ ಇದೇ ತಗೊಳ್ತಾರೆ. ಯಾಕೆ ಅಂದ್ರೆ ಆ ಕಡೆ ತಿರುಗಿಕೊಳ್ತಾರೆ. ನಕ್ರೂ ಬಾಯಿಗೆ ಕೈ ಅಡ್ಡ. ನಾನು ವ್ಯಾಪಾರ ಮಾಡೋಳು, ಕೊಟ್ಟು ಸುಮ್ನಾಗ್ತೀನಿ." ಅವಳು ಪ್ಯಾಕೆಟ್ಟನ್ನು ಪಕ್ಕಕ್ಕೆ ಸರಿಸಿ, "ಇನ್ನೊಂದು ಮಾತು. ಅವತ್ತು ಫಿಲೂ ನಿಮ್ಮ ಮೇಜಿನ ಕೆಳಗೆ ಇರ್ಲೇ ಇಲ್ಲ. ನಾನು ಹೊರಡೋವಾಗ ನೋಡ್ತೀನಿ, ನನ್ನ ವ್ಯಾನಿಗೆ ಹತ್ತಿ ಬ್ರೆಡ್ಡಿನ ಚೀಲ ಹರೀತಾ ಕೂತಿತ್ತು" ಎಂದಳು.

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಅವರ ಹೆಸರು ಎತ್ತಿದ್ರೆ ಸಾಕು, ಮುಖದ ಮೇಲೆ ಬಾಗಿಲು ಹಾಕ್ತಿದ್ರಲ್ಲ ನೀವು. ಯಾರಿಗೆ ಹೇಳ್ಲಿ, ಬಾಗಿಲಿಗಾ?"

ಒಳಗೆ ಬಂದು ಚೆರ್ರಿಯ ಬುಟ್ಟಿಯ ಮುಂದೆ ಕೂತೆ. ನಾಯಿ ತಿನ್ನದಿದ್ದರೆ ಗೊರಟೆಗಳು ಏನಾದವು? ಮರುದಿನ ನೆಲ ಗುಡಿಸಿದಾಗ ಒಂದೂ ಸಿಕ್ಕಿರಲಿಲ್ಲ, ನಾಯಿ ನುಂಗಿರುವುದಕ್ಕೆ ಅದೇ ಸಾಕ್ಷಿ ಎಂದುಕೊಂಡಿದ್ದೆ. ಆಗ ನೆನಪಾಯಿತು. ಅವನು ಒಂದೊಂದು ತುತ್ತಿಗೂ ಸೈಡರ್ ಕುಡಿಯುತ್ತಿದ್ದ. ಇವನಿಗೇನು ಇಷ್ಟು ಬಾಯಾರಿಕೆ ಎಂದು ಬಾಟಲಿಯನ್ನು ನಾನೇ ಅವನತ್ತ ಸರಿಸಿದ್ದೆ.

ನಾಯಿಯಲ್ಲ, ಇವನೇ ನುಂಗಿದ್ದ. ಮೆತ್ತನೆ ಬ್ರೆಡ್ಡು, ಬಾಯಿಗೆ ಅಡ್ಡ ಕೈ ಯಾಕೆಂದು ಈಗ ಹೊಳೆಯಿತು, ಹಲ್ಲು ಕಟ್ಟಿಸಿಕೊಂಡಿದ್ದಾನೆ. ಹೊಸ ಸೆಟ್ಟು ಬಾಯಲ್ಲಿ ಅಲ್ಲಾಡುವಾಗ ಗೊರಟೆ ಬಿಡಿಸುವುದು ಹೇಗೆ, ಉಗುಳಲು ಹೋದರೆ ಹಲ್ಲೂ ಜೊತೆಗೆ ತಟ್ಟೆಗೆ ಬೀಳುವುದಿಲ್ಲವೇ? ಅಕ್ಕನ ಮುಂದೆ, ಗಿಲೇನಳ ಮುಂದೆ ಆ ಮಾನಗೇಡಿಗಿಂತ ಗೊರಟೆ ನುಂಗುವುದೇ ವಾಸಿ ಎಂದು ಒಂದಾದ ಮೇಲೊಂದು ನುಂಗಿದ್ದಾನೆ. ನಾನು ಹಾಕಿದ್ದು ದೊಡ್ಡ ತುಂಡು ಬೇರೆ. ಸಾಯೋನೆ, ಹಲ್ಲಿಲ್ಲ ಅಕ್ಕ ಎಂದು ಒಂದು ಮಾತು ಹೇಳಬಾರದಿತ್ತೇ? ಆದರೆ ಯಾರಿಗೆ ಹೇಳುತ್ತಾನೆ, ಗೊರಟೆ ಆಗದವರು ಜಾಮು ನೆಕ್ಕಲಿ ಎಂದು ಡಂಗುರ ಹೊಡೆಯುವವಳಿಗೆ? ಅದೂ ನನಗಿಂತ ಐದು ವರ್ಷ ಚಿಕ್ಕವನು ಅವನು, ನನ್ನ ಹಲ್ಲು ಇನ್ನೂ ವಾಲ್‌ನಟ್ ಒಡೆಯುವಷ್ಟು ಗಟ್ಟಿ.

ಆಮೇಲೆ ಮಾಡಿದ ಕೆಲಸವನ್ನು ನಮ್ಮಮ್ಮ ನೋಡಿದ್ದರೆ ಸೌಟಿನಲ್ಲಿ ಬಾರಿಸುತ್ತಿದ್ದಳು. ಓಣಿಯ ಕಡೆಯ ಕಿಟಕಿಯನ್ನು ಮುಚ್ಚಿದೆ. ತಲೆಯಿಂದ ಒಂದು ಹೇರ್‌ಪಿನ್ ಕಿತ್ತು, ತೊಳೆದು, ಅದರ ಬಾಗಿದ ತುದಿಯನ್ನು ಹಣ್ಣಿನ ತೊಟ್ಟಿನ ಕಡೆಯಿಂದ ತೂರಿಸಿ ಎಳೆದೆ. ಗೊರಟೆ ಬಂತು, ರಸ ಮೊಣಕೈವರೆಗೂ ಇಳಿಯಿತು. ಕಳ್ಳತನ ಮಾಡುವವಳ ಹಾಗೆ ಸದ್ದಿಲ್ಲದೆ ಬುಟ್ಟಿಯ ಹಣ್ಣನ್ನೆಲ್ಲ ಹಾಗೇ ಮಾಡಿದೆ. ಬರಿದಾದ ಹಣ್ಣುಗಳು ಪಾತ್ರೆಯಲ್ಲಿ ಸೋತು ಮಲಗಿದ್ದವು.

ರುಚಿಯನ್ನಾದರೂ ಬಿಡಬಾರದು ಎಂದು ಗೊರಟೆಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಹಾಲಿಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದೆ. ಹಾಲು ಆರಿದ ಮೇಲೆ ಗಂಟು ಹಿಂಡಿ ತೆಗೆದು, ಅದೇ ಹಾಲಿಗೆ ಮೊಟ್ಟೆ, ಸಕ್ಕರೆ, ಮೈದಾ, ಚಿಟಿಕೆ ಉಪ್ಪು ಸೇರಿಸಿ, ಸೌಟಿನಿಂದ ಬಿಟ್ಟರೆ ದಾರದಂತೆ ಇಳಿಯುವ ಹಾಗೆ ಕಲಸಿದೆ. ಮಣ್ಣಿನ ಅಗಲ ಪಾತ್ರೆಗೆ ಬೆಣ್ಣೆ ಸವರಿ, ಹಣ್ಣು ಹರಡಿ, ಮೇಲೆ ಹಿಟ್ಟು ಸುರಿದೆ. ಓವನ್ನಿನಲ್ಲಿ ಅಂಚು ಉಬ್ಬಿ ಕಂದುಬಣ್ಣ ಬರುವವರೆಗೆ ಅಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಘಮ ಬಂತು. ಪೂರ್ತಿ ಅಲ್ಲ, ಆದರೆ ಅಮ್ಮನ ಅಡುಗೆಮನೆಯದ್ದೇ ಘಮ. ತೆಗೆದು ಬಿಸಿಯಾಗಿದ್ದಾಗಲೇ ಮೇಲೆ ಸಕ್ಕರೆ ಉದುರಿಸಿ, ಬಟ್ಟೆಯಲ್ಲಿ ಸುತ್ತಿ, ಅವನ ಬುಟ್ಟಿಯಲ್ಲೇ ಇಟ್ಟುಕೊಂಡು ಹೊರಟೆ.

ಸಂಜೆಯಾಗಿದ್ದರೂ ಬಿಸಿಲು ಇನ್ನೂ ಇತ್ತು. ದಿಣ್ಣೆ ಹತ್ತುವ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರು ಹೊಡೆದೆ. ನಿನ್ನ ಹಲ್ಲಿನ ವಿಷಯ ಗೊತ್ತಾಯಿತು ಕಣೋ, ಅದಕ್ಕೆ ಯಾಕೆ ಮುಖ ಮುಚ್ಚಿಕೊಳ್ಳುತ್ತೀಯ, ಬಾ ಮನೆಗೆ, ಅಷ್ಟೇ.

ಆನ್ಸೆಲ್ಮ್ ಹೊಸಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಫಿಲೂ ನನ್ನನ್ನು ಕಂಡು ಮೈಮೇಲೆ ಹಾರಿತು. ಅವನು ಏಳಲಿಲ್ಲ. ಒಂದು ವರ್ಷದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು.

"ಬಂದ್ಯಾ?"

"ಬುಟ್ಟಿ ಕೊಡಬೇಕಿತ್ತಲ್ಲ, ಬಂದೆ."

"ಒಳಗೇನಿದೆ?"

"ಮೂಗಿಲ್ವಾ ನಿಂಗೆ?"

ಅವನಿಗೆ ವಾಸನೆ ಹತ್ತಿತ್ತು. ಮುಖ ಮುದುಡಿಕೊಂಡಿತು. ಕೈಯಲ್ಲಿದ್ದ ಬಟಾಣಿ ಸಿಪ್ಪೆಯನ್ನು ಸುಮ್ಮನೆ ತಿರುವುತ್ತ, "ನಂಗೆ ಹಸಿವಿಲ್ಲ ಅಕ್ಕ. ಒಳಗಿಟ್ಟು ಹೋಗು, ಆಮೇಲೆ ತಿಂತೀನಿ" ಎಂದ.

ನನಗೆ ಇವನು ಗೊತ್ತು. ಚಿಕ್ಕವನಿದ್ದಾಗ ಏಣಿಯಿಂದ ಬಿದ್ದು ಕೈಮೂಳೆ ಮುರಿದುಕೊಂಡು, ಊದಿಕೊಂಡ ಕೈಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಿರುಗಿದವನು. ಅಪ್ಪ ಅಂಗಿ ಎತ್ತಿ ನೋಡಿದ್ದಕ್ಕೆ ಅಪ್ಪನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ನಿನ್ನ ಬಾಯಿ ನನಗೆ ಗೊತ್ತು ಎಂದು ಈಗ ನಾನಂದರೆ, ಇವನು ಎದ್ದು ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಾನೆ. ಆಮೇಲೆ ಗೇಟಿಗೆ ಬುಟ್ಟಿಯೂ ಬರುವುದಿಲ್ಲ. ಉರು ಹೊಡೆದ ಮಾತನ್ನು ಬಿಟ್ಟುಬಿಟ್ಟೆ. ಬಾಯಿಂದ ಬಂದದ್ದು ಬೇರೆ.

"ತಿನ್ನೋದಾದ್ರೆ ತಿನ್ನು, ಆದ್ರೆ ಆಡ್ಕೊಂಡು ನಗಬೇಡ. ಅದ್ರಲ್ಲಿ ಗೊರಟೆ ಇಲ್ಲ."

"ಏನಂದೆ?"

"ತೆಗೆದ್ಬಿಟ್ಟೆ ಕಣೋ. ನನ್ನ ಹಲ್ಲೆಲ್ಲ ಹೋಯ್ತು. ಚಳಿಗಾಲದಲ್ಲಿ ಲಿಮೋಜ್ ಪಟ್ಟಣಕ್ಕೆ ಹೋಗಿ ಸೆಟ್ಟು ಕಟ್ಟಿಸ್ಕೊಂಡೆ. ಯಾರಿಗೂ ಹೇಳಿಲ್ಲ, ನಿಂಗೆ ಹೇಳ್ತಿದೀನಿ."

ಅವನು ಬಟಾಣಿಯ ಬೋಗುಣಿ ಕೆಳಗಿಟ್ಟ.

"ತೋರ್ಸು."

ತೋರಿಸಿದೆ. ಅವನು ಹತ್ತಿರ ಬಂದು, ಸಂತೆಯಲ್ಲಿ ದನದ ಬಾಯಿ ನೋಡುವ ಹಾಗೆ ಬಗ್ಗಿ ನೋಡಿದ.

"ಎಷ್ಟು ಚೆನ್ನಾಗಿ ಮಾಡಿದಾನೆ. ನಿಜವಾದ ಹಲ್ಲಿನ ಥರಾನೇ ಇದೆ. ಆ ಓರೆ ಹಲ್ಲು ಕೂಡ ಹಾಗೇ ಇಟ್ಟಿದಾನಲ್ಲೇ."

"ನಾನೇ ಇಡು ಅಂದೆ. ಇಲ್ದಿದ್ರೆ ಜನಕ್ಕೆ ಗೊತ್ತಾಗಿಬಿಡುತ್ತೆ."

ಆನ್ಸೆಲ್ಮ್ ನಕ್ಕ. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ, ಆಮೇಲೆ ಕೈ ತೆಗೆದ. ನನ್ನನ್ನು ಒಳಗೆ ಕರೆದು ಕೂರಿಸಿ, ಬಾಯಿಂದ ಹಲ್ಲಿನ ಸೆಟ್ಟು ಕಳಚಿ ಮೇಜಿನ ಮೇಲೆ, ಕ್ಲಾಫೂಟಿಯ ಪಕ್ಕದಲ್ಲೇ ಇಟ್ಟ.

"ನಂದು ನೋಡು. ಕುದುರೆ ಹಲ್ಲು. ನಿನ್ನ ಡಾಕ್ಟ್ರ ಹತ್ರ ಹೋಗಬೇಕಿತ್ತು ನಾನು."

"ಯಾವಾಗಿಂದಲೋ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಹೋದ ವರ್ಷದಿಂದ. ಅವತ್ತು ಹಬ್ಬದಲ್ಲಿ ಎಲ್ಲಾನೂ ನುಂಗಿಬಿಟ್ಟೆ ಅಕ್ಕ. ಆಮೇಲೆ ವಾರಗಟ್ಟಲೆ ಹೊಟ್ಟೆ ಹಿಡ್ಕೊಂಡು ಓಡಾಡ್ದೆ."

"ಯಾಕೋ ನುಂಗ್ದೆ, ಪೆದ್ದ ಮುಂಡೇದೆ?"

"ನೀನು ನೋಡ್ತಿದ್ದೆ."

ಚಾಕು ತಗೊಂಡು ತುಂಡು ಮಾಡಿದೆ. ಅವನು ಬರಿಬಾಯಲ್ಲೇ ತಿಂದ, ಇನ್ನೊಂದು ತುಂಡು ಕೇಳಿ ತಿಂದ, ಗಲ್ಲಕ್ಕೆ ಇಳಿದ ರಸವನ್ನು ತೋಳಿನಲ್ಲಿ ಒರೆಸಿಕೊಂಡ. "ಗೊರಟೆ ಇಲ್ದೇನೂ ಅಮ್ಮನ ವಾಸನೆ ಎಲ್ಲಿಂದ ಬಂತು?" ಎಂದು ಕೇಳಿದ. ಹಾಲಿನ ಉಪಾಯ ಹೇಳಿದೆ. "ಕಳ್ಳಿ" ಎಂದ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ, "ನಾನೊಬ್ನೇ ಮುದುಕ ಆಗ್ಹೋದೆ, ನೀನು ಹಾಗೇ ಇದೀಯ ಅಂದ್ಕೊಂಡಿದ್ದೆ. ಅದಕ್ಕೇ ಬರೋಕೆ ಮನಸ್ಸಾಗ್ತಿರಲಿಲ್ಲ. ಈಗ ಸಮಾಧಾನ ಆಯ್ತು ನೋಡು" ಎಂದ. ಅವನ ಕಣ್ಣು ತುಂಬಿತ್ತು. ನಾನು ನಾಯಿಯ ತಲೆ ಸವರುತ್ತಾ ಕೂತೆ.

ಹೊರಡುವಾಗ ಗೇಟಿನವರೆಗೂ ಬಂದ. "ಭಾನುವಾರ ಬರ್ತೀನಿ. ಗಿಲೇನಿಗೆ ಹೇಳ್ತೀನಿ, ಇನ್ಮೇಲೆ ಮೆತ್ತನೆ ಬ್ರೆಡ್ಡು ಎರಡು ಪ್ಯಾಕೆಟ್ ಇಡು ಅಂತ. ಹಠ ಮಾಡಿ ತೊಗಟೆ ಕಚ್ಚೋಕೆ ಹೋಗಬೇಡ, ಸೆಟ್ಟು ಮುರಿದೀತು."

ಭಾನುವಾರ ಬಂದ. ಎರಡು ತಟ್ಟೆ ಇಟ್ಟೆ. ಮಾಂಸವನ್ನು ಅವನಿಗೆ ಕತ್ತರಿಸಿದಷ್ಟೇ ಸಣ್ಣಗೆ ನನಗೂ ಕತ್ತರಿಸಿಕೊಂಡೆ. ಬಾಯಲ್ಲಿ ಹಿಟ್ಟಿನ ಮುದ್ದೆಯಾಗುವ ಆ ಬ್ರೆಡ್ಡನ್ನು ಸೂಪಿಗೆ ಅದ್ದಿ ತಿಂದೆ. ನನ್ನ ಮುಂದಿನ ಹಲ್ಲು ಸರಿಯಾಗಿ ಕೂತಿದೆಯೇ ಎಂದು ಅವನು ಎರಡು ಸಲ ವಿಚಾರಿಸಿದ. ಗೊರಟೆ ತೆಗೆದ ಕ್ಲಾಫೂಟಿಯನ್ನು ಇಬ್ಬರೂ ಚಮಚದಲ್ಲಿ ತಿಂದೆವು. ತಟ್ಟೆಯ ಅಂಚುಗಳು ಬೋಳಾಗಿದ್ದವು, ಯಾರೂ ಯಾರನ್ನೂ ಹಂಗಿಸಲಿಲ್ಲ. ಅವನು ಕುರ್ಚಿಯಲ್ಲಿ ಗೊರಕೆ ಹೊಡೆದ. ಆ ಗೊರಕೆ ಕೇಳುತ್ತಾ ನನಗೆ ಖುಷಿಯೂ ಆಯಿತು, ಎಲ್ಲೋ ಒಳಗೆ ಸಂಕಟವೂ ಆಯಿತು. ತಮ್ಮ ಸಿಕ್ಕಿದ. ಆದರೆ ಅಮ್ಮನ ಕ್ಲಾಫೂಟಿಯನ್ನು ಅಮ್ಮ ಮಾಡಿದಂತೆಯೇ ನನ್ನೆದುರು ಕೂತು ತಿನ್ನಲು ಇನ್ನು ಈ ಭೂಮಿಯ ಮೇಲೆ ಯಾರೂ ಇಲ್ಲ. ಇದನ್ನು ಅವನಿಗೆ ಹೇಳುವ ಹಾಗೂ ಇಲ್ಲ.

ಮಂಗಳವಾರ ಗಿಲೇನ್ ಮೆತ್ತನೆ ಪ್ಯಾಕೆಟ್ಟು ಕೊಟ್ಟಳು. ಅದರ ಕೆಳಗೆ, ಕಾಗದದಲ್ಲಿ ಸುತ್ತಿ, ಅರ್ಧ ದುಂಡು ಬ್ರೆಡ್ಡು ಇಟ್ಟಿದ್ದಳು. "ನಿಮ್ಮ ಹೊಸ ಹಲ್ಲಿನ ಸುದ್ದಿ ನಿಮ್ಮ ತಮ್ಮ ಊರಿಗೆಲ್ಲ ಹೇಳಿದಾರೆ, ಆ ಓರೆ ಹಲ್ಲಿನ ಸಮೇತ. ಇದನ್ನ ಒಳಗೆ ಕೂತು ತಿನ್ನಿ" ಎಂದಳು. ನಗಲಿಲ್ಲ, ಅಷ್ಟು ಪುಣ್ಯ ಕಟ್ಟಿಕೊಂಡಳು. ಆ ಬೆಳಗ್ಗೆ ಎರಡನೆಯ ಕೊಯ್ಲಿನ ಬುಟ್ಟಿ ಬಂದಿತ್ತು. ಈ ಸಲ ಬಾಗಿಲು ತಟ್ಟಿಯೇ ಕೊಟ್ಟುಹೋಗಿದ್ದ.

ಮಧ್ಯಾಹ್ನ ಕಿಟಕಿ ಮುಚ್ಚಿದೆ. ಅಂಗೈಯಗಲದ ಚಿಕ್ಕ ಪಾತ್ರೆ ತೆಗೆದು, ಹೇರ್‌ಪಿನ್ನು ತಲೆಯಲ್ಲೇ ಇರಲಿ ಎಂದು ಬಿಟ್ಟು, ಚೆರ್ರಿಗಳನ್ನು ಇಡಿಯಾಗಿ ಹರಡಿ ಒಂದು ಸಣ್ಣ ಕ್ಲಾಫೂಟಿ ಮಾಡಿದೆ. ಬೆಚ್ಚಗಿರುವಾಗಲೇ ತಿಂದೆ. ಹಾಲಿನ ಉಪಾಯ ಗೀಪಾಯ ಎಲ್ಲ ಸುಳ್ಳು, ಇದರ ಘಮವೇ ಬೇರೆ. ಒಂದೊಂದೇ ಗೊರಟೆ ಬಿಡಿಸಿ ಅಂಚಿಗೆ ಇಡುತ್ತಾ ಹೋದೆ, ಅರ್ಧ ಅಂಚು ತುಂಬಿತು. ನೋಡುವವರು ಯಾರೂ ಇರಲಿಲ್ಲ. ಹೊಟ್ಟೆಬಾಕಿ ಎಂದು ಯಾರೂ ಅನ್ನಲಿಲ್ಲ. ಓಣಿಯಲ್ಲಿ ಒಂದು ಕಾರು ಹೋದದ್ದು ಬಿಟ್ಟರೆ ಸದ್ದೇ ಇರಲಿಲ್ಲ.

ಎದ್ದು, ಆನ್ಸೆಲ್ಮನ ತಟ್ಟೆಯನ್ನು ತಂದು ಎದುರಿಗಿಟ್ಟೆ. ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಗೊರಟೆಗಳಲ್ಲಿ ಅರ್ಧವನ್ನು ಬೆರಳಿನಿಂದ ಅವನ ತಟ್ಟೆಗೆ ತಳ್ಳಿದೆ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಎರಡೂ ತಟ್ಟೆ ತೊಳೆದಿಟ್ಟೆ.